ದನದ ದೊಡ್ಡಿಯ ಬಾಗಿಲಲ್ಲಿ ಬಿಟ್ಟ ಬೂಟು

ಆಫ್ರಿಕಾದಿಂದ ಬಂದ ಮೇಲೆ ತಮಿಳುನಾಡಿನ ನಮ್ಮ ಕಂಬಂನಲ್ಲಿ ಯಾರೂ ನನ್ನನ್ನು ಸುಮ್ಮನೆ ಕೂತು ಟೀ ಕುಡಿಯಲು ಬಿಡುತ್ತಿಲ್ಲ. ಸಿಂಹ ನೋಡಿದೆಯಾ ಅನ್ನುತ್ತಾರೆ. ನೋಡಿದೆ ಅನ್ನುತ್ತೇನೆ. ಹತ್ತಿರದಿಂದಲಾ? ಹತ್ತಿರದಿಂದಲೇ. ಹೆದರಿಕೆ ಆಗಲಿಲ್ಲವಾ? ಇಲ್ಲ, ಅದು ಮಲಗಿತ್ತು. ಅಷ್ಟಕ್ಕೇ ಕೇಳಿದವರ ಮುಖ ಸಪ್ಪಗಾಗುತ್ತದೆ. ನಾನು ಕಾಲೆಳೆದು ನಡೆಯುವುದನ್ನು ನೋಡಿ, ನನಗೆ ಮಾವನಾಗಬೇಕಾದ ಒಬ್ಬರು ಷೇರ್ ಆಟೋದಲ್ಲಿ ಎಲ್ಲರೆದುರೇ ಕೇಳಿಬಿಟ್ಟರು: "ಏನ್ ಮಾಪಿಳ್ಳೆ, ಸಿಂಹ ಬರೀ ಹಿಮ್ಮಡಿ ತಿಂದು ಬಿಟ್ಟುಬಿಡ್ತಾ? ಮಿಕ್ಕಿದ್ದು ರುಚಿ ಇಲ್ಲ ಅಂತಾನಾ?"

ಆಟೋ ತುಂಬ ನಗು. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಮೊದಲಿನಿಂದ ಹೇಳಬೇಕು, ಅಷ್ಟು ಹೇಳಲು ಈಗೀಗ ಬಾಯಿಗೆ ದಣಿವು. ಬರೆದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆ ಐದು ವರ್ಷ ಓದಿದ್ದೂ ತಮಿಳಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ. ಕರ್ನಾಟಕದವರು ಕೇಳಿದರೆ ಇದು ಯಾವ ಭಾಷೆ ಎಂದು ಕೇಳುವಂಥ ಕನ್ನಡ. ಕನ್ನಡ ಅಕ್ಷರ ಕಲಿತದ್ದು ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ನಾಲ್ಕು ವರ್ಷ ದುಡಿಯುವಾಗ, ಗೊಬ್ಬರದ ಚೀಲದ ಮೇಲಿದ್ದದ್ದನ್ನು ಒಂದೊಂದಾಗಿ ಕೂಡಿಸಿ. ಹಾಗಾಗಿ ಬರವಣಿಗೆಯಲ್ಲಿ ತಪ್ಪಿದ್ದರೆ ಇರಲಿ. ಚಪ್ಪರದ ಕೆಲಸದಲ್ಲಿ ನನ್ನ ತಪ್ಪು ಹಿಡಿದವರು ಇನ್ನೂ ಯಾರೂ ಇಲ್ಲ. ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಬಳ್ಳಿ ಹತ್ತಿಸಿ, ಯಾವ ಕಣ್ಣು ಬಿಟ್ಟು ಯಾವ ಕಣ್ಣು ಕತ್ತರಿಸಿದರೆ ಗೊಂಚಲು ಬರುತ್ತದೆ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಈ ಕತ್ತರಿಸುವ ಕೆಲಸಕ್ಕೆ ನಮ್ಮಲ್ಲಿ ಕವಾತು ಅನ್ನುತ್ತಾರೆ. ನಲವತ್ತೈದು ವರ್ಷ ತಲೆಯೆತ್ತಿ, ಕೈಯೆತ್ತಿ ಕವಾತು ಮಾಡಿದ್ದೇನೆ. ಈಗ ಕೊರಳು ಬಲಕ್ಕೆ ಪೂರಾ ತಿರುಗುವುದಿಲ್ಲ.

ದಿಂಡಿಗಲ್ಲಿನ ಒಬ್ಬ ಮೊದಲಾಳಿ, ಅಂದರೆ ಧಣಿ, ಕೆನ್ಯಾದಲ್ಲಿ ಒಂದು ದೊಡ್ಡ ಕೆರೆಯ ಪಕ್ಕ ಹೂವಿನ ತೋಟ ಇಟ್ಟುಕೊಂಡಿದ್ದಾರೆ. ಅಲ್ಲಿ ನಮ್ಮ ಪನ್ನೀರ್ ದ್ರಾಕ್ಷಿ ಹಾಕಿ ನೋಡಬೇಕೆಂದು ಅವರ ಆಸೆ. ಚಪ್ಪರ ಎಬ್ಬಿಸಿ, ಅಲ್ಲಿನ ಆಳುಗಳಿಗೆ ಕವಾತು ಕಲಿಸಿಕೊಡಿ ಎಂದು ನನ್ನನ್ನು ಕರೆಸಿಕೊಂಡರು. ನಲವತ್ತು ದಿನ ಮಾಡಿದೆ. ಕೊನೆಯ ದಿನ ಮೊದಲಾಳಿ ಬಂದು ಚಪ್ಪರದ ಕೆಳಗೆ ಈ ತುದಿಯಿಂದ ಆ ತುದಿಗೆ ನಡೆದು, ತಂತಿಯನ್ನು ಬೆರಳಲ್ಲಿ ಮೀಟಿ ನೋಡಿ, "ಅಣ್ಣಾ, ಮುಂದಿನ ಕವಾತಿಗೂ ನೀವೇ ಬರಬೇಕು. ಅದಕ್ಕೆ ಮುಂಚೆ ಮೂರು ದಿನ ಕಾಡಿನಲ್ಲಿ ಸುಮ್ಮನೆ ಮಲಗಿ ಎದ್ದು ಬನ್ನಿ. ನನ್ನ ಮರ್ಯಾದೆ ಇದು, ಬೇಡ ಅನ್ನಬಾರದು" ಅಂದರು.

ನನಗೆ ಬೇಕಾಗಿದ್ದದ್ದು ಊರಿಗೆ ಹೋಗುವ ವಿಮಾನ. ಆದರೆ ಮರ್ಯಾದೆ ಅಂದಮೇಲೆ ಮುಗಿಯಿತು.

ಅವರು ಕಳಿಸಿದ ಕಾಡಿನ ಕ್ಯಾಂಪಿನಲ್ಲಿ ಇದ್ದದ್ದು ಎಂಟೇ ಟೆಂಟು. ಟೆಂಟು ಅಂದರೆ ಕಲ್ಯಾಣ ಛತ್ರದ ಹಿಂದೆ ಅಡುಗೆಯವರಿಗೆ ಹಾಕುವ ಟಾರ್ಪಾಲು ಎಂದುಕೊಂಡಿದ್ದೆ. ಒಳಗೆ ಹೋದರೆ ಹಲಗೆಯ ನೆಲ, ನನ್ನ ಮಗಳ ಮದುವೆಯಲ್ಲಿ ಕೊಟ್ಟದ್ದಕ್ಕಿಂತ ದೊಡ್ಡ ಮಂಚ, ತಾಮ್ರದ ಬೋಗುಣಿ, ಬಿಳಿ ಸೊಳ್ಳೆಪರದೆ. ಬಟ್ಟೆಯ ಗೋಡೆಯ ಹೊಲಿಗೆ ನೋಡಿದೆ. ಎರಡೆಳೆ ಹೊಲಿಗೆ, ಒಳ್ಳೆಯ ಕೆಲಸ. ಮೂಲೆಯ ಹಗ್ಗ ಒಂದು ಸಡಿಲವಾಗಿತ್ತು, ಬಿಗಿದೆ. ಆಮೇಲೆ ಮಾಡಲು ಏನೂ ಕೆಲಸ ಉಳಿಯಲಿಲ್ಲ.

ಸುಮ್ಮನೆ ಮಲಗುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ನಲವತ್ತು ದಿನದ ದಣಿವು ಮೈಯಲ್ಲಿತ್ತು, ಆದರೆ ಕೈ ಮಾತ್ರ ಕತ್ತರಿ ಹುಡುಕುತ್ತಿತ್ತು. ಕುಳಿತರೆ ಯಾರೋ ನೀರು ತರುತ್ತಾರೆ, ಎದ್ದರೆ ಯಾರೋ ಕುರ್ಚಿ ಎಳೆಯುತ್ತಾರೆ. ನನ್ನ ಟೆಂಟನ್ನು ನೋಡಿಕೊಳ್ಳುತ್ತಿದ್ದವನು ಅಲ್ಲಿನ ಮಸಾಯಿ ಜನದ ಒಬ್ಬ, ನನ್ನ ವಯಸ್ಸಿನವನೇ. ನಿಂತರೆ ಚಪ್ಪರದ ಕಲ್ಲುಕಂಬ, ಅಷ್ಟು ಎತ್ತರ. ಮುಂದಿನ ಎರಡು ಹಲ್ಲಿನ ನಡುವೆ ಒಂದು ಬೆರಳು ತೂರುವಷ್ಟು ಸಂದು. ಕ್ಯಾಂಪಿನವರು ಕೊಟ್ಟ ಹಸಿರು ಅಂಗಿ ಹಾಕಿಕೊಂಡು, ಹೆಗಲ ಮೇಲೆ ಮಾತ್ರ ತಮ್ಮವರ ಕೆಂಪು ಬಟ್ಟೆ ಹೊದೆಯುತ್ತಿದ್ದ. ಸ್ನಾನಕ್ಕೆ ಮೇಲೊಂದು ಕ್ಯಾನ್ವಾಸ್ ಚೀಲ ಕಟ್ಟಿರುತ್ತದೆ. ಹೊರಗಿನಿಂದ ಅವನು ಏಣಿ ಹತ್ತಿ ಬಿಸಿನೀರು ಸುರಿದರೆ ಒಳಗೆ ನಾನು ನಿಂತು ಸ್ನಾನ ಮಾಡಬೇಕು.

"ಬಕೆಟ್ ಇಲ್ಲಿ ಕೊಡು, ನಾನೇ ಸುರಿದುಕೊಳ್ಳುತ್ತೇನೆ" ಅಂದೆ. ನನ್ನ ಇಂಗ್ಲಿಷು ಗೊಬ್ಬರದ ಚೀಲದ್ದು, ಅವನದು ಕ್ಯಾಂಪಿನದು. ಎರಡಕ್ಕೂ ಹೇಗೋ ಹೊಂದಿಕೆಯಾಯಿತು.

"ನೀವೇ ಸುರಿದುಕೊಂಡರೆ ನಾನೇನು ಮಾಡಲಿ, ಮ್ಜೇ? ಒಳಗೆ ಹೋಗಿ ನಿಮ್ಮ ಹಾಸಿಗೆಯಲ್ಲಿ ಮಲಗಲಾ?"

ಮ್ಜೇ ಅಂದರೆ ಅವರಲ್ಲಿ ಹಿರಿಯರೇ ಎಂದು. ನಾನು ಅವನನ್ನು ತಂಬಿ ಎಂದು ಕರೆದೆ. ಅದರ ಅರ್ಥ ಕೇಳಿ, ತಮ್ಮ ಎಂದು ತಿಳಿದ ಮೇಲೆ ಜಗಳಕ್ಕೇ ಬಂದ: "ನಾನು ಚಿಕ್ಕವನೆಂದು ಯಾರು ಹೇಳಿದರು? ನಿಮ್ಮ ಹುಟ್ಟಿದ ದಿನ ಯಾವುದು?" ನನಗೂ ಗೊತ್ತಿಲ್ಲ. ಶಾಲೆಯಲ್ಲಿ ಮೇಷ್ಟರು ಬರೆದುಕೊಂಡದ್ದೇ ನನ್ನ ಹುಟ್ಟಿದ ದಿನ. ಅವನಿಗೆ ಅದೂ ಇಲ್ಲ. "ಹಾಗಾದರೆ ಹಲ್ಲು ಎಣಿಸೋಣ, ಕಡಿಮೆ ಇದ್ದವನು ಅಣ್ಣ" ಅಂದ. ನಾನೇ ಗೆದ್ದೆ.

ಮೊದಲ ದಿನವೇ ಕ್ಯಾಂಪ್ ನಡೆಸುವ ಮೇಡಂ ಎಲ್ಲ ಅತಿಥಿಗಳನ್ನು ಕೂರಿಸಿ ನಿಯಮ ಹೇಳಿದ್ದರು. ಟೆಂಟುಗಳ ಸುತ್ತ ಸುಣ್ಣ ಹಚ್ಚಿದ ಕಲ್ಲಿನ ಸಾಲಿದೆ. ಅದನ್ನು ದಾಟಿ ಯಾರೂ ಕಾಲ್ನಡಿಗೆಯಲ್ಲಿ ಹೋಗುವಂತಿಲ್ಲ. ಕೆಲಸದವರು ಯಾರಾದರೂ ಅತಿಥಿಯನ್ನು ದಾಟಿಸಿ ಕರೆದುಕೊಂಡು ಹೋದರೆ, ಅವರು ಅಂದೇ ಮನೆಗೆ. ಮೇಡಂ ಇದನ್ನು ನಗುತ್ತಲೇ ಹೇಳಿದರು. ಹಿಂದೆ ಸಾಲಾಗಿ ನಿಂತಿದ್ದ ಕೆಲಸದವರು ಯಾರೂ ನಗಲಿಲ್ಲ.

ಮರುದಿನ ಜೀಪಿನಲ್ಲಿ ಕರೆದೊಯ್ದು ಸಿಂಹ ತೋರಿಸಿದರು. ಆರು ಇದ್ದವು. ನಮ್ಮ ಬಸ್ ಸ್ಟಾಂಡಿನಲ್ಲಿ ಮಧ್ಯಾಹ್ನ ಬಸ್ ಇಲ್ಲದವರು ಮಲಗುವ ಹಾಗೆ ಒಂದರ ಮೇಲೊಂದು ಕಾಲು ಹಾಕಿಕೊಂಡು ಮಲಗಿದ್ದವು. ಜೊತೆಯಲ್ಲಿದ್ದ ಬಿಳಿಯ ದಂಪತಿ ಉಸಿರು ಬಿಗಿಹಿಡಿದು ಫೋಟೋ ತೆಗೆದರು. ನನಗೆ ತೂಕಡಿಕೆ ಬಂತು. ಆಗ ಹಳ್ಳದ ಆಚೆಯಿಂದ ಗಂಟೆ ಕೇಳಿಸಿತು, ದನದ ಕೊರಳಿನ ತಗಡು ಗಂಟೆ. ತೂಕಡಿಕೆ ಹಾರಿಹೋಯಿತು.

ವಾಪಸು ಬಂದು ತಂಬಿಯನ್ನು ಕೇಳಿದೆ. "ಅದು ನನ್ನ ಅಣ್ಣನ ದನ. ಹಳ್ಳ ದಾಟಿದರೆ ಅವನ ದೊಡ್ಡಿ" ಅಂದ.

ಅಂದು ಮಾಟ್ಟುಪೊಂಗಲ್, ಸಂಕ್ರಾಂತಿಯ ಮರುದಿನ ಬರುವ ದನದ ಹಬ್ಬ. ಬೆಳಿಗ್ಗೆಯೇ ಹೆಂಡತಿ ಫೋನು ಮಾಡಿದ್ದಳು. "ಏಂಗ, ಎಲ್ಲಾರೂ ಕಬ್ಬು ತಗಂಡು ಆವು ನೋಡಕ್ಕೆ ಹೊರಟ್ರು. ನಿಮ್ಮ ಪಾಲಿಂದು ನಾನೇ ಕೊಟ್ಟುಬುಡ್ತೀನಿ. ನೀವು ನಿಮ್ಮ ಆನೆ ಸಿಂಹ ನೋಡ್ಕಂಡು ಬನ್ನಿ." ಕೊನೆಯ ಮಾತಿನಲ್ಲಿ ಕೊಂಕಿತ್ತು. ಅವಳ ತಪ್ಪಲ್ಲ.

ನಮ್ಮವರಿಗೆ ಕಂಬಂನಲ್ಲಿ ಒಂದು ದೇವರ ದನದ ಹಿಂಡಿದೆ. ದೇವರ ಆವು ಅನ್ನುತ್ತೇವೆ. ಅವುಗಳ ಹಾಲು ಕರೆಯುವುದಿಲ್ಲ, ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಹಿಂಡಿಗೆ ಒಂದು ಹೋರಿ ರಾಜ, ಅದು ಪಟ್ಟದ ಆವು. ಅದು ಸತ್ತರೆ ಮುಂದಿನದನ್ನು ಜನ ಆರಿಸುವುದಿಲ್ಲ. ಕಬ್ಬಿನ ಕಟ್ಟು ಮುಂದಿಟ್ಟರೆ ಯಾವ ಹೋರಿ ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಮಾಟ್ಟುಪೊಂಗಲ್ ದಿನ ಆ ದೊಡ್ಡಿಯಲ್ಲಿ ನಿಲ್ಲದ ವರ್ಷ ನನಗೆ ನೆನಪಿಲ್ಲ. ವಿಜಯಪುರದಲ್ಲಿದ್ದಾಗಲೂ ಎರಡು ದಿನ ಬಸ್ಸಿನಲ್ಲಿ ಕೂತು ಬಂದಿದ್ದೇನೆ. ಈ ಸಲ ಮೊದಲಾಳಿಯ ಮರ್ಯಾದೆಗೆ ಕಟ್ಟುಬಿದ್ದು ಇಲ್ಲಿ ಮಲಗಿದ್ದೆ.

ಇದೆಲ್ಲ ಅವನಿಗೆ ಹೇಳಿದೆ. ಬಕೆಟ್ ಕೆಳಗಿಟ್ಟು ಕೇಳಿದ.

"ಹಾಲು ಕರೆಯುವುದಿಲ್ಲವಾ? ಒಂದು ತೊಟ್ಟೂ?"

"ಕರುವಿನದು ಕರುವಿಗೆ."

"ಮಾಂಸವೂ ತಿನ್ನುವುದಿಲ್ಲ. ಮತ್ತೆ ಏಕೆ ಸಾಕುತ್ತೀರಿ?"

"ಹೋಗಿ ನಿಂತುಕೊಳ್ಳುವುದಕ್ಕೆ."

ಅವನು ಬಕೆಟ್ ಮತ್ತೆ ಎತ್ತಿಕೊಳ್ಳುತ್ತಾ, "ಅದು ಅರ್ಥವಾಗುತ್ತದೆ" ಅಂದ.

ಆಗ ನಾನು ಕೇಳಬಾರದ್ದು ಕೇಳಿದೆ. "ನನ್ನನ್ನು ನಿನ್ನ ಅಣ್ಣನ ದೊಡ್ಡಿಗೆ ಕರೆದುಕೊಂಡು ಹೋಗು. ಅರ್ಧ ಗಂಟೆ ಸಾಕು."

"ಆಗುವುದಿಲ್ಲ, ಮ್ಜೇ. ಮೇಡಂಗೆ ಗೊತ್ತಾದರೆ ಈ ಅಂಗಿ ಬಿಚ್ಚಿ ಕೊಟ್ಟು ಹೋಗಬೇಕು. ಮನೆಯಲ್ಲಿ ಏಳು ಜನ ಈ ಅಂಗಿಯ ಮೇಲೆ ಉಣ್ಣುತ್ತಾರೆ."

"ಯಾರಿಗೆ ಗೊತ್ತಾಗುತ್ತದೆ? ಊಟ ಆದಮೇಲೆ ಎಲ್ಲರೂ ಮಲಗುತ್ತಾರೆ."

ಬೇಡ ಬೇಡ ಅಂದ. ನಾನು ಬಿಡಲಿಲ್ಲ. ನನ್ನ ಬುದ್ಧಿ ಯಾವಾಗಲೂ ಹೀಗೇ. ತಂತಿ ಬಿಗಿಯಲು ಹಿಡಿದರೆ ಕಂಬ ಅಲುಗುವುದನ್ನು ನೋಡುವುದಿಲ್ಲ. "ನಿನ್ನ ಊರಿಗೆ ನಾನು ಬಂದಿದ್ದೇನೆ, ಒಂದು ಹಸುವಿನ ಮುಖ ತೋರಿಸಲು ಆಗುವುದಿಲ್ಲವಾ?" ಅಂದೆ. ಆ ಮಾತು ಅವನಿಗೆ ನಾಟಿತು. ನಾಟಲಿ ಎಂದೇ ಅಂದಿದ್ದೆ.

ಮಧ್ಯಾಹ್ನ ಊಟದ ಮೇಜಿನಿಂದ ಎರಡು ಬಾಳೆಹಣ್ಣು ಜೇಬಿಗೆ ಹಾಕಿಕೊಂಡೆ. ಕಬ್ಬು ಸಿಗಲಿಲ್ಲ. ಸುಣ್ಣದ ಕಲ್ಲು ದಾಟಿ, ಹಳ್ಳಕ್ಕೆ ಇಳಿದು ಹತ್ತಿ, ಕಾಲು ಗಂಟೆಯಲ್ಲಿ ದೊಡ್ಡಿ. ಸುತ್ತ ಮುಳ್ಳಿನ ಕೊಂಬೆಗಳನ್ನು ಎದೆಯ ಮಟ್ಟಕ್ಕೆ ಒಟ್ಟಿದ್ದರು. ಅವನ ಅಣ್ಣ ದೊಡ್ಡಿಯಲ್ಲೇ ಉಳಿದಿದ್ದ ಹೋರಿ ಮತ್ತು ಎಳೆಗರುಗಳ ಹತ್ತಿರ ಕೂತಿದ್ದ, ಮೇಯಲು ಹೋದವು ಇನ್ನೂ ಬಂದಿರಲಿಲ್ಲ. ಸಗಣಿಯ, ಬಿಸಿಲಿನ, ಹಾಲಿನ ವಾಸನೆ ಮೂಗಿಗೆ ಬಡಿಯಿತು. ನಲವತ್ತು ದಿನದಲ್ಲಿ ಮೊದಲ ಸಲ ಹೆಗಲು ಇಳಿಯಿತು.

ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚಿ ಪಕ್ಕಕ್ಕಿಟ್ಟೆ.

"ಏಯ್, ಏಯ್! ಬೇಡ!" ಹಿಂದಿನಿಂದ ಅವನು ಕೂಗಿದ.

ಕೂಗಿದ್ದು ಕೇಳಿಸಿತು. ಆದರೆ ದನದ ದೊಡ್ಡಿಗೆ ಚಪ್ಪಲಿ ಮೆಟ್ಟಿ ಹೋಗುವುದು ನನ್ನ ಕಾಲಿಗೆ ಗೊತ್ತಿಲ್ಲ. ದೇವರ ಆವಿನ ದೊಡ್ಡಿಗೆ ಹಾಗೆ ಹೋದವನನ್ನು ನಮ್ಮಲ್ಲಿ ಮನುಷ್ಯ ಅನ್ನುವುದಿಲ್ಲ. ಇದು ದೇವರ ಹಿಂಡಲ್ಲ, ಗೊತ್ತು. ಕಾಲಿಗೆ ಆ ವ್ಯತ್ಯಾಸ ತಿಳಿಯಲಿಲ್ಲ. ನಾಲ್ಕನೇ ಹೆಜ್ಜೆಗೆ ಹಿಮ್ಮಡಿಗೆ ಮುಳ್ಳು ಹೋಯಿತು. ಬೇಲಿಯಿಂದ ಉದುರಿ ಸಗಣಿಯಲ್ಲಿ ಹೂತಿದ್ದದ್ದು, ಬೆರಳುದ್ದ ಬಿಳಿ ಮುಳ್ಳು. ಮುಖ ಗಟ್ಟಿ ಮಾಡಿಕೊಂಡು ನಿಂತೆ. ಹೋರಿಯ ಹತ್ತಿರ ಹೋಗಿ ಬಾಳೆಹಣ್ಣು ಕೊಟ್ಟೆ. ಮೂಸಿ, ಸಿಪ್ಪೆಯ ಸಮೇತ ತಿಂದಿತು. ಕೈ ಮುಗಿದೆ.

ಅಣ್ಣ ಅವರ ಭಾಷೆಯಲ್ಲಿ ಏನೋ ಹೇಳಿ ತೊಡೆ ತಟ್ಟಿ ನಕ್ಕ. ಒಂದು ಸೋರೆಬುರುಡೆಯಲ್ಲಿ ಹಾಲು ತಂದು ನನ್ನ ಮುಂದೆ ಹಿಡಿದ. ಇವತ್ತು ದೊಡ್ಡಿಯೊಳಗೆ ನಿಂತು ಹಾಲು ಕುಡಿಯುವುದಿಲ್ಲ ಎಂದು ಕೈಯಾಡಿಸಿದೆ. ಅವನು ಇನ್ನೂ ಜೋರಾಗಿ ನಕ್ಕ.

"ಏನಂತಾನೆ?"

"ಹೇಳಬಾರದು, ಮ್ಜೇ."

"ಹೇಳು."

"ಈ ಮುದುಕ ಮದುವೆಯಾಗಿ, ಹೆಂಡತಿಗೆ ದೂರದಿಂದ ನಮಸ್ಕಾರ ಮಾಡಿ ಹೊರಗೆ ಮಲಗುವವನು ಅಂತಾನೆ."

ನಗು ಬಂತು. ನಗುವಾಗಲೇ ಮುಳ್ಳು ಕೀಳಲು ಹೋದೆ. ಮುರಿದು, ಅರ್ಧ ಒಳಗೇ ಉಳಿಯಿತು.

ಬರುವಾಗ ಅವನು ನನ್ನ ಕಾಲನ್ನೇ ನೋಡುತ್ತಿದ್ದ. "ನೋವಾ?" "ಇಲ್ಲ." "ಟೆಂಟಿಗೆ ಹೋಗಿ ನಾನು ತೆಗೆಯುತ್ತೇನೆ." "ಏನೂ ಆಗಿಲ್ಲ ತಂಬಿ, ನಿನ್ನ ಕೆಲಸ ನೋಡು." ನಲವತ್ತೈದು ವರ್ಷ ಏಣಿಯಿಂದ ಬಿದ್ದು, ತಂತಿ ಹರಿದು, ಕತ್ತರಿ ತಾಗಿ, ಒಂದು ದಿನವೂ ಯಾರ ಮುಂದೆಯೂ ಕುಂಟಿದವನಲ್ಲ ನಾನು. ಅಂದು ಸಂಜೆ ಉದ್ದನೆಯ ಮೇಜಿನಲ್ಲಿ ಎಲ್ಲರ ಜೊತೆ ಕೂತು ಊಟವನ್ನೂ ಮಾಡಿದೆ. ಬೂಟಿನೊಳಗೆ ಹಿಮ್ಮಡಿ ಇನ್ನೊಂದು ಹೃದಯದ ಹಾಗೆ ಬಡಿದುಕೊಳ್ಳುತ್ತಿತ್ತು.

ಬೆಳಿಗ್ಗೆ ಕಾಲು ಬೂಟಿಗೆ ಹೋಗಲಿಲ್ಲ. ಮೊಣಕಾಲಿನ ತನಕ ಬಿಗಿದು ಕೆಂಪಾಗಿತ್ತು. ಅವನು ಬಿಸಿನೀರು ತಂದವನು ಅದನ್ನು ನೋಡಿ ಬಕೆಟ್ ಇಟ್ಟು ಕೆಳಗೆ ಕೂತ. ಅಷ್ಟರಲ್ಲಿ ಜೀಪಿಗೆ ನಾನು ಬರಲಿಲ್ಲ ಎಂದು ಮೇಡಂ ಟೆಂಟಿನ ಬಾಗಿಲಿಗೆ ಬಂದರು. ಬಾಗಿ ನೋಡಿದರು.

"ಇದು ಎಲ್ಲಿ ಆಯಿತು?"

"ಇಲ್ಲೇ. ಟೆಂಟಿನ ಮುಂದೆ. ಬರಿಗಾಲಲ್ಲಿ ಓಡಾಡಿದೆ" ಅಂದೆ.

ಸುಳ್ಳು ಹೇಳಿ ಕಾಪಾಡಿದೆ ಎಂದುಕೊಂಡೆ. ಮೇಡಂ ನೆಟ್ಟಗೆ ನಿಂತು ಅವನ ಕಡೆ ತಿರುಗಿದರು. "ಈ ಟೆಂಟಿನ ಮುಂದೆ ದಿನಾ ಗುಡಿಸುವವರು ಯಾರು? ಇಷ್ಟು ದೊಡ್ಡ ಮುಳ್ಳು ಬಿದ್ದಿದ್ದರೂ ಕಾಣಲಿಲ್ಲವಾ?"

ಅವನು ತಲೆ ತಗ್ಗಿಸಿದ. ನಿಜ ಹೇಳಿದರೂ ಅವನ ಅಂಗಿ ಹೋಗುತ್ತದೆ, ನಾನು ಹೇಳಿದ ಸುಳ್ಳಿಗೂ ಅವನ ಅಂಗಿಯೇ ಹೋಗುತ್ತದೆ. ಅವನು ಬಾಯಿ ತೆರೆದ. ಒಪ್ಪಿಕೊಳ್ಳಲು ಹೊರಟಿದ್ದಾನೆ ಎಂದು ಗೊತ್ತಾಯಿತು.

"ಸುಮ್ನಿರು ತಂಬಿ" ಅಂದೆ, ನಮ್ಮ ಮನೆಯ ಮಾತಿನಲ್ಲೇ. ಆಮೇಲೆ ಮೇಡಂಗೆ ಹೇಳಿದೆ: "ಈಗ ಹೇಳಿದ್ದು ಸುಳ್ಳು. ನಿನ್ನೆ ಮಧ್ಯಾಹ್ನ ನಾನೊಬ್ಬನೇ ಬಿಳಿ ಕಲ್ಲು ದಾಟಿ ಹೋದೆ. ದನ ನೋಡಲು. ಯಾರೂ ನೋಡಲಿಲ್ಲ. ಬೇಡ ಎಂದು ನೀವು ಹೇಳಿದ್ದು ನೆನಪಿತ್ತು. ಆದರೂ ಹೋದೆ."

ಮೇಡಂ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹತ್ತು ವರ್ಷದ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ, ಒಂದೊಂದು ಪದ ಬಿಡಿಸಿ, ಕಾಡಿನಲ್ಲಿ ಕಾಡೆಮ್ಮೆ ಇದೆ, ಸಿಂಹ ಇದೆ, ನಿಮಗೆ ಏನಾದರೂ ಆಗಿದ್ದರೆ ಈ ಕ್ಯಾಂಪ್ ಮುಚ್ಚಬೇಕಾಗುತ್ತಿತ್ತು ಎಂದು ವಿವರಿಸಿದರು. ಜೀಪು ಹತ್ತಿದ್ದ ಬಿಳಿಯ ದಂಪತಿ ಇಳಿದು ಬಂದು ನಿಂತು ಕೇಳಿದರು. ಐದನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ದಿನವೇ ನಾನು ಶಾಲೆ ಬಿಟ್ಟದ್ದು. ಆಮೇಲೆ ಯಾರೂ ನನ್ನನ್ನು ಹಾಗೆ ನಿಲ್ಲಿಸಿರಲಿಲ್ಲ. ಮಂಚದ ಮೇಲೆ ಕಾಲು ಚಾಚಿ ಕೂತು ಪೂರಾ ಕೇಳಿಸಿಕೊಂಡೆ. ಕೊನೆಗೆ ಮೇಡಂ ನನ್ನನ್ನೂ ಅವನನ್ನೂ ಒಂದೊಂದು ಸಲ ನೋಡಿ, "ನೀವು ಒಬ್ಬರೇ ಹೋದಿರಿ ಅನ್ನುತ್ತೀರಿ. ನಾನು ವಿಚಾರಿಸುತ್ತೇನೆ" ಅಂದರು.

ಆಸ್ಪತ್ರೆಗೆ ಕಳಿಸಲು ಜೀಪು ತಂದರು. ನನ್ನ ಪೆಟ್ಟಿಗೆಯನ್ನು ಎತ್ತಿಟ್ಟವನು ಅವನೇ. ಡ್ರೈವರ್ ಪಕ್ಕದಲ್ಲೇ ಇದ್ದುದರಿಂದ ಮಾತಾಡಲು ಆಗಲಿಲ್ಲ. ಹೆಗಲ ಕೆಳಗೆ ಕೈ ಕೊಟ್ಟು ನನ್ನನ್ನು ಹತ್ತಿಸಿದ. ಆ ಒಂದು ಸಲ ಮಾತ್ರ ನಾನೇ ಹತ್ತುತ್ತೇನೆ ಅನ್ನಲಿಲ್ಲ.

ಮುಳ್ಳಿನ ತುಂಡು ಆಸ್ಪತ್ರೆಯಲ್ಲಿ ತೆಗೆದರು. ಮೊದಲಾಳಿ ಫೋನು ಮಾಡಿದರು. "ಏನಣ್ಣಾ, ನಿಮ್ಮಂಥವರು ಹೀಗೆ ಮಾಡಬಹುದಾ? ಆ ಮೇಡಂ ಮುಂದೆ ನನ್ನ ತಲೆ ತಗ್ಗಿತಲ್ಲ." ತಪ್ಪಾಯಿತು ಅಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅವರಿಗೂ ಹೊಸದು.

ಊರಿಗೆ ಬಂದೆ. ಗಾಯ ಮಾಗಲು ಎರಡು ತಿಂಗಳಾಯಿತು. ಕುಂಟು ಪೂರಾ ಹೋಗಲಿಲ್ಲ. ಮುಂದಿನ ಕವಾತಿಗೆ ಮೊದಲಾಳಿ ನನ್ನನ್ನು ಕರೆಯಲಿಲ್ಲ. ಉತ್ತಮಪಾಳಯಂನ ಒಬ್ಬನನ್ನು ಕರೆದರು. ನನ್ನ ಕೈಕೆಳಗೆ ಕೆಲಸ ಕಲಿತವನು, ಈಗ ನಲವತ್ತು ದಾಟಿದ್ದಾನೆ. ಹೊರಡುವ ಮುಂಚೆ ಹೇಳಿ ಹೋಗಲು ಬಂದಿದ್ದ. ಯಾವ ಚಪ್ಪರದ ಯಾವ ಸಾಲು ದುರ್ಬಲ ಎಂದೆಲ್ಲ ಹೇಳಿಕೊಟ್ಟೆ. ನಾನು ಎಬ್ಬಿಸಿದ ಚಪ್ಪರದಲ್ಲಿ ಇನ್ನೊಬ್ಬನ ಕತ್ತರಿ ಆಡುತ್ತದೆ ಅನ್ನುವುದು ಊಟ ಇಳಿಯದ ಹಾಗೆ ಮಾಡಿತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನನ್ನು ತಿನ್ನುತ್ತಿದ್ದದ್ದು ಅದಕ್ಕಿಂತ ಬೇರೆ.

"ನಿನ್ನನ್ನೂ ಆ ಕ್ಯಾಂಪಿಗೆ ಕಳಿಸುತ್ತಾರೆ" ಅಂದೆ. "ಅಲ್ಲಿ ಎತ್ತರದ ಒಬ್ಬ ಇದ್ದಾನಾ ನೋಡು. ಹಲ್ಲಿನ ನಡುವೆ ಸಂದು. ಸ್ನಾನಕ್ಕೆ ನೀರು ತರುವವನು. ಇದ್ದಾನಾ ಇಲ್ಲವಾ, ಅಷ್ಟು ಹೇಳು ಸಾಕು."

ಹೋದ ವಾರ, ಮಧ್ಯಾಹ್ನ ಬಾಳೆತೋಟಕ್ಕೆ ನೀರು ಕಟ್ಟುವಾಗ ಫೋನು ಬಂತು.

"ಅಣ್ಣಾ, ಕ್ಯಾಂಪಿಗೆ ಬಂದಿದ್ದೀನಿ. ನನಗೆ ನೀರು ತಂದವನು ಗಿಡ್ಡ. ನೀವು ಹೇಳಿದೋನಲ್ಲ."

ಗುದ್ದಲಿ ಊರಿ ನಿಂತೆ. "ಹೋಗಿಬಿಟ್ಟನಾ?"

"ಇರಿ, ಪೂರಾ ಕೇಳಿ. ಅಡುಗೆಮನೆ ಹಿಂದೆ ಸೌದೆ ಒಡೀತಿದ್ದ. ಟೆಂಟು ಕೆಲಸದಿಂದ ತೆಗೆದು ಅಲ್ಲಿ ಹಾಕವ್ರೆ. ಹಸಿರು ಅಂಗಿ ಇಲ್ಲ. ಆದರೆ ಇದ್ದಾನೆ. ನಿಮ್ಮ ಹೆಸರು ಹೇಳ್ದೆ, ಗೊತ್ತಾಗಲಿಲ್ಲ. ಕಂಬಂ ಅಂದೆ, ಗೊತ್ತಾಗಲಿಲ್ಲ. ಕುಂಟಿ ತೋರಿಸ್ದೆ. ಕೊಡಲಿ ಬಿಸಾಕಿ ಬಂದು ತಬ್ಕಂಡ. ಏನಣ್ಣಾ ಮಾಡಿಟ್ಟು ಬಂದಿದ್ದೀರಾ ಇಲ್ಲಿ?"

"ಏನಾದರೂ ಹೇಳಿದನಾ?"

"ದನ ಎಲ್ಲ ಚೆನ್ನಾಗವೆ ಅಂತ ಹೇಳು ಅಂದ. ಮತ್ತೆ, ಅಣ್ಣ ಯಾರು ತಮ್ಮ ಯಾರು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲವಂತೆ. ಅವನಿಗೂ ಒಂದು ಹಲ್ಲು ಹೋಗಿದೆ, ಬಾಯಿ ತೆರೆದು ತೋರಿಸ್ದ."

ಸೌದೆ ಒಡೆಯುವುದು ಆ ವಯಸ್ಸಿಗೆ ಸುಲಭದ ಕೆಲಸವಲ್ಲ. ಬಿಸಿನೀರಿನ ಬಕೆಟ್ ಹೊತ್ತು ಏಣಿ ಹತ್ತುವುದಕ್ಕಿಂತ ಕಷ್ಟ. ಏಳು ಜನ ಉಣ್ಣುತ್ತಿದ್ದಾರೆ, ಆದರೆ ನನ್ನ ಅರ್ಧ ಗಂಟೆಯನ್ನು ಅವನು ದಿನಾ ಕೊಡಲಿಯಲ್ಲಿ ಒಡೆಯುತ್ತಿದ್ದಾನೆ. ನೀರು ಮಡಿ ಒಡೆದು ಪಕ್ಕದ ಸಾಲಿಗೆ ಹರಿದುಹೋಗುತ್ತಿತ್ತು, ಕಟ್ಟಲು ಮನಸ್ಸಾಗದೆ ನೋಡುತ್ತಾ ನಿಂತಿದ್ದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದರಿಂದ ಧೈರ್ಯ. ಆ ಮೇಡಂ ಓದುವುದಿಲ್ಲ.

ಮರುದಿನ ಬೆಳಿಗ್ಗೆ, ಹಬ್ಬ ಇಲ್ಲ ಏನಿಲ್ಲ, ಒಂದು ಜಲ್ಲೆ ಕಬ್ಬು ಹಿಡಿದುಕೊಂಡು ದೇವರ ಆವಿನ ದೊಡ್ಡಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಒಳಗೆ ಕಾಲಿಡುವ ಮುಂಚೆ ನೆಲ ನೋಡಿ ಇಟ್ಟೆ. ಈ ವಯಸ್ಸಿಗೆ, ಅದೇ ಮೊದಲ ಸಲ.